ಶಾಲೆ ಮೇಲಿನ ಬಿಸಿಲು ಮತ್ತು ಐದನೇ ವರ್ಷದ ಬ್ಯಾಟರಿ

ಇವತ್ತಿನ ಬರಹದಲ್ಲಿ ಸ್ವಲ್ಪ ಲೆಕ್ಕ ಇದೆ. ಲೆಕ್ಕ ಅಂದ ತಕ್ಷಣ ಪುಟ ಮುಚ್ಚಬೇಡಿ, ಎಲ್ಲಾ ಏಳನೇ ಕ್ಲಾಸಿನ ಲೆಕ್ಕವೇ :)

ವಿಷಯ ಏನಪ್ಪಾ ಅಂದ್ರೆ, ಮಧುಗಿರಿ ಕಡೆಯ ನಮ್ಮೂರ ಸರ್ಕಾರಿ ಹೈಸ್ಕೂಲಿಗೆ ಒಂದು ಪುಟ್ಟ ಸೋಲಾರ್ ಪ್ಲಾಂಟ್ ಹಾಕಿಸಬೇಕು ಅಂತ ಹಳೆ ವಿದ್ಯಾರ್ಥಿಗಳು ಕೆಲವರು ಹೊರಟಿದ್ದೀವಿ. ಬೆಂಗಳೂರಲ್ಲಿ ಇರೋರು, ಊರಲ್ಲೇ ಉಳಿದು ಅಂಗಡಿ ಇಟ್ಟೋರು, ಮೇಷ್ಟ್ರಾದೋರು ಎಲ್ಲಾ ಸೇರಿ ಸುಮಾರು ನಾಲ್ಕು ಲಕ್ಷ ಕೂಡಿದೆ. ಈಗ ಜಗಳ ಶುರುವಾಗಿದೆ. ಬಹುಪಾಲು ಜನ "ಐದು ಕಿಲೋವ್ಯಾಟ್ ಹಾಕಿಸಿಬಿಡೋಣ, ನಾಲ್ಕು ಲಕ್ಷವೂ ಅದಕ್ಕೇ ಆಗಲಿ, ಗೋಡೆಗೆ ಒಂದು ಕಲ್ಲು ಹಾಕಿಸೋಣ" ಅಂತಾರೆ. ನಾನು "ಮೂರು ಕಿಲೋವ್ಯಾಟ್ ಸಾಕು, ಒಂದು ಲಕ್ಷ ಬ್ಯಾಂಕಲ್ಲಿಡೋಣ" ಅಂತೀನಿ. ನನ್ನ ಮಾತು ಯಾರಿಗೂ ಅಷ್ಟು ರುಚಿಸಿಲ್ಲ. ಅದಕ್ಕೇ ಸಮಾಧಾನವಾಗಿ ಇಲ್ಲಿ ಬರೀತಾ ಇದೀನಿ. ನಿಮ್ಮೂರಲ್ಲೂ ಇಂಥದೊಂದು ಚರ್ಚೆ ಇವತ್ತಲ್ಲ ನಾಳೆ ಬಂದೇ ಬರುತ್ತೆ.

ಮೊದಲು ನಮ್ಮ ಸೀಮೆ ಬಗ್ಗೆ ಎರಡು ಮಾತು. ತುಮಕೂರು ಜಿಲ್ಲೆ ಕಂದಾಯ ಇಲಾಖೆಗೆ ಒಂದೇ ಜಿಲ್ಲೆ, ಆದರೆ ಶಿಕ್ಷಣ ಇಲಾಖೆಗೆ ಎರಡು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ಪೇಪರಲ್ಲಿ ತುಮಕೂರು ಬೇರೆ, ಮಧುಗಿರಿ ಬೇರೆ ಅಂತ ಬರೋದು ಅದಕ್ಕೇ. ಬೇರೆ ಊರಿನ ಗೆಳೆಯರು "ಮಧುಗಿರಿ ಯಾವಾಗ ಜಿಲ್ಲೆ ಆಯ್ತೋ?" ಅಂತ ಪ್ರತಿ ವರ್ಷ ಕೇಳ್ತಾರೆ.

ನಾಲ್ಕು ತಾಲ್ಲೂಕಿಗೂ ಸಮನಾಗಿ ಸಿಕ್ಕಿರೋ ಆಸ್ತಿ ಅಂದ್ರೆ ಬಿಸಿಲು, ಬಂಡೆ, ಕಡ್ಲೆಕಾಯಿ. ಕೊರಟಗೆರೆಯಲ್ಲಿ ಸಿದ್ಧರಬೆಟ್ಟ, ಜಯಮಂಗಲಿ ಅಂತ ಒಂಚೂರು ಹಸಿರು ಕಾಣುತ್ತೆ. ಉತ್ತರಕ್ಕೆ ಹೋಗ್ತಾ ಹೋಗ್ತಾ ಭೂಮಿ ಬೋಳಾಗುತ್ತೆ. ಪಾವಗಡ ತಲುಪೋ ಹೊತ್ತಿಗೆ ಮೂರು ಕಡೆ ಆಂಧ್ರ, ಬೋರಿನಲ್ಲಿ ಫ್ಲೋರೈಡ್ ನೀರು, ತಲೆ ಮೇಲೆ ಬಿಸಿಲು. ಆ ಬಿಸಿಲನ್ನ ನಮ್ಮ ಹಿರಿಯರು ಶಾಪ ಅಂತಲೇ ಅಂದ್ಕೊಂಡಿದ್ರು.

ಆಮೇಲೆ ಅದಕ್ಕೆ ಬೆಲೆ ಬಂತು. 2015ರಲ್ಲಿ ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಅಂತ ಒಂದು ಸಂಸ್ಥೆ ಹುಟ್ಟಿಕೊಂಡಿತು, ರಾಜ್ಯದ ಕ್ರೆಡಲ್ ಮತ್ತು ಕೇಂದ್ರದ ಸೆಕಿ ಎರಡೂ ಸೇರಿ ಮಾಡಿದ್ದು. ಪಾವಗಡ ತಾಲ್ಲೂಕಿನ ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಈ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆ ಜಮೀನನ್ನ ಕೊಳ್ಳದೇ ಗುತ್ತಿಗೆಗೆ ತಗೊಂಡ್ರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ. 2018ರ ಮಾರ್ಚ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟನೆ ಮಾಡಿದ್ರು, 'ಶಕ್ತಿ ಸ್ಥಳ' ಅಂತ ಹೆಸರು. 2019ರ ಕೊನೆಗೆ ಪೂರ್ತಿ 2,050 ಮೆಗಾವ್ಯಾಟ್ ತಯಾರಾಯ್ತು. ಒಂದು ಕಾಲಕ್ಕೆ ಪ್ರಪಂಚದ ಅತಿ ದೊಡ್ಡ ಸೋಲಾರ್ ಪಾರ್ಕು ಅನ್ನಿಸಿಕೊಂಡಿದ್ದು ಇದೇ.

ಜಮೀನು ಇದ್ದೋರಿಗೆ ಬಾಡಿಗೆ ಬಂತು. ಮಳೆ ಬರಲಿ ಬಿಡಲಿ ದುಡ್ಡು ಬರುತ್ತೆ ಅನ್ನೋದು ಪಾವಗಡದ ರೈತನಿಗೆ ಸಣ್ಣ ವಿಷಯ ಅಲ್ಲ. ಜಮೀನಿಲ್ಲದ ಕೂಲಿಯವರಿಗೆ, ಕುರಿ ಮೇಯಿಸೋರಿಗೆ ಮಾತ್ರ ಕೆಲಸವೂ ಹೋಯ್ತು, ಬಯಲೂ ಹೋಯ್ತು. ಅದರ ಬಗ್ಗೆ ಬೇರೆಯೇ ಬರೀಬೇಕು, ಇವತ್ತು ಬೇಡ.

ಇವತ್ತಿನ ಮಾತು ಇಷ್ಟೇ: ದೊಡ್ಡ ಪಾರ್ಕು ಪಕ್ಕದಲ್ಲಿದ್ದ ಮಾತ್ರಕ್ಕೆ ಪಕ್ಕದ ಶಾಲೆಗೆ ಕರೆಂಟು ಜಾಸ್ತಿ ಬರಲ್ಲ. ನಮ್ಮ ಗುಂಪಲ್ಲೇ ಒಬ್ಬ ಕೇಳಿದ, "ಲೇ, ಎರಡು ಸಾವಿರ ಮೆಗಾವ್ಯಾಟ್ ನಮ್ಮ ತಲೆ ಮೇಲಿಂದ ಹೋಗುತ್ತೆ, ನಾವು ಮತ್ತೆ ಮೂರು ಕಿಲೋವ್ಯಾಟ್‌ಗೆ ಚಂದಾ ಎತ್ತಬೇಕಾ?" ಅಂತ. ಕೇಳೋಕೆ ಸರಿ ಅನ್ಸುತ್ತೆ. ಆದರೆ ಪಾರ್ಕಿನ ಕರೆಂಟು ದೊಡ್ಡ ಸಬ್‌ಸ್ಟೇಷನ್‌ಗೆ ಹೋಗಿ, ಹೈಟೆನ್ಷನ್ ಲೈನಲ್ಲಿ ರಾಜ್ಯದ ಗ್ರಿಡ್ ಸೇರಿ, ಎಲ್ಲರಿಗೂ ಹಂಚಿಹೋಗುತ್ತೆ. ನಮ್ಮ ಶಾಲೆಗೆ ಬರೋದು ಹನ್ನೊಂದು ಕೆವಿ ಲೈನು, ಊರಾಚೆಯ ಒಂದು ಟಿಸಿ, ಅಲ್ಲಿಂದ ಜೋತಾಡೋ ಎರಡು ತಂತಿ. ಕರೆಂಟು ಹೋಗೋದು ಉತ್ಪಾದನೆ ಕಡಿಮೆ ಆಗಿ ಅಲ್ಲ, ಈ ಕೊನೆಯ ಎರಡು ಮೈಲಿಯಲ್ಲಿ. ಟಿಸಿ ಸುಟ್ಟೋಗುತ್ತೆ, ಗಾಳಿಗೆ ಕೊಂಬೆ ಬೀಳುತ್ತೆ, ಲೈನ್‌ಮನ್ ಕೆಲಸ ಮಾಡೋಕೆ ಆಫ್ ಮಾಡಿಸಿರ್ತಾನೆ. ತಿರುಮಣಿಯಲ್ಲಿ ಇನ್ನೂ ಎರಡು ಸಾವಿರ ಮೆಗಾವ್ಯಾಟ್ ಹಾಕಿದ್ರೂ ಆ ಕೊಂಬೆ ಬೀಳೋದು ನಿಲ್ಲಲ್ಲ.

ಹಾಗಾಗಿ ಶಾಲೆಯ ಮಾಳಿಗೆ ಮೇಲೆ ಒಂದು ಪುಟ್ಟ ಪ್ಲಾಂಟ್ ಬೇಕು ಅನ್ನೋದರಲ್ಲಿ ನನಗೆ ಅನುಮಾನವೇ ಇಲ್ಲ. ಅದೂ ಅಲ್ದೆ, ಸೋಲಾರಿಗೆ ಶಾಲೆಯಷ್ಟು ಹೊಂದೋ ಜಾಗ ಇನ್ನೊಂದಿಲ್ಲ. ಮನೆಗೆ ಕರೆಂಟು ಬೇಕಾಗೋದು ಸಂಜೆ, ಸೂರ್ಯ ಮುಳುಗಿದ ಮೇಲೆ. ಶಾಲೆಗೆ ಬೇಕಾಗೋದು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆವರೆಗೆ. ಸೂರ್ಯನ ಟೈಂಟೇಬಲ್ಲೂ ಹೆಡ್‌ಮಾಸ್ಟ್ರ ಟೈಂಟೇಬಲ್ಲೂ ಒಂದೇ!

ಇವತ್ತಿನ ಹೈಸ್ಕೂಲು ನಮ್ಮ ಕಾಲದ್ದಲ್ಲ. ನಮಗೆ ಕರೆಂಟು ಬೇಕಿದ್ದಿದ್ದು ಆಫೀಸ್ ರೂಮಿನ ಒಂದು ಫ್ಯಾನಿಗೆ ಮಾತ್ರ. ಗಂಟೆ ಕೂಡ ರೈಲ್ವೆ ಕಂಬಿ ಚೂರು. ಈಗ ಕಂಪ್ಯೂಟರ್ ಲ್ಯಾಬ್ ಇದೆ, ಸ್ಮಾರ್ಟ್ ಕ್ಲಾಸ್ ಇದೆ, ಮಕ್ಕಳ ವಿವರವೆಲ್ಲ ಸ್ಯಾಟ್ಸ್‌ನಲ್ಲಿ ಆನ್‌ಲೈನ್ ತುಂಬಬೇಕು. 2024ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಕ್ಯಾಮೆರಾ ಕಣ್ಣಲ್ಲಿ ಪರೀಕ್ಷೆ. ಮಾರ್ಚ್ ಬಿಸಿಲಲ್ಲಿ ಶೀಟು ಮಾಡಿನ ಕೋಣೆಯಲ್ಲಿ ಮೂರು ಗಂಟೆ ಕೂತು ಗಣಿತ ಬರೆಯೋ ಮಗುವಿಗೆ ಫ್ಯಾನು ನಿಂತುಹೋದರೆ ಅದು ಬರೀ ಸೆಕೆ ಪ್ರಶ್ನೆ ಅಲ್ಲ, ಮಾರ್ಕ್ಸ್ ಪ್ರಶ್ನೆ.

ಈಗ ಲೆಕ್ಕ. ನಮ್ಮ ಕಡೆ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತೆ ಅಂತ ಇಟ್ಕೊಳ್ಳಿ. ಮೂರು ಕಿಲೋವ್ಯಾಟ್‌ಗೆ ದಿನಕ್ಕೆ 12 ಯೂನಿಟ್. ಖರ್ಚು ನೋಡೋಣ. ಹತ್ತು ಕಂಪ್ಯೂಟರ್, ಒಂದೊಂದು 100 ವ್ಯಾಟ್, ದಿನಕ್ಕೆ ನಾಲ್ಕು ಗಂಟೆ: 4 ಯೂನಿಟ್. ಹನ್ನೆರಡು ಫ್ಯಾನು, 70 ವ್ಯಾಟ್, ಆರು ಗಂಟೆ: 5 ಯೂನಿಟ್. ಹದಿನಾರು ಎಲ್‌ಇಡಿ ಟ್ಯೂಬು, 20 ವ್ಯಾಟ್, ಮೂರು ಗಂಟೆ: 1 ಯೂನಿಟ್. ಪ್ರೊಜೆಕ್ಟರ್ ಮುಕ್ಕಾಲು ಯೂನಿಟ್. ಆಫೀಸ್ ಕಂಪ್ಯೂಟರ್, ರೌಟರ್, ನೀರು ಶುದ್ಧ ಮಾಡೋ ಮಿಷನ್ನು ಎಲ್ಲಾ ಸೇರಿ ಇನ್ನೊಂದು ಯೂನಿಟ್. ಒಟ್ಟು ಹನ್ನೆರಡರ ಒಳಗೇ ಮುಗೀತು. ಎಲ್ಲವೂ ಒಟ್ಟಿಗೆ ಓಡಿದ್ರೂ 2.6 ಕಿಲೋವ್ಯಾಟ್ ಆಸುಪಾಸು.

ಇನ್ನೊಂದು ಕೆಲಸ ಮಾಡಬಹುದು. ಈಗ ಬಿಎಲ್‌ಡಿಸಿ ಅಂತ ಫ್ಯಾನ್ ಬಂದಿವೆ, 30 ವ್ಯಾಟ್ ಅಷ್ಟೇ ಎಳೆಯೋದು. ಹನ್ನೆರಡು ಫ್ಯಾನ್ ಬದಲಿಸಿದ್ರೆ 5 ಯೂನಿಟ್ ಜಾಗದಲ್ಲಿ ಎರಡು ಚಿಲ್ಲರೆ. ಮೋಡದ ದಿನಕ್ಕೆ ಅಷ್ಟು ಉಳಿತಾಯ ಆಯ್ತು. ಎರಡು ಕಿಲೋವ್ಯಾಟ್ ಪ್ಯಾನೆಲ್ ಜಾಸ್ತಿ ಹಾಕೋದಕ್ಕಿಂತ ಹನ್ನೆರಡು ಫ್ಯಾನ್ ಬದಲಿಸೋದು ಅಗ್ಗ. ಆದರೆ ಫ್ಯಾನ್ ಮುಂದೆ ನಿಂತು ಯಾರೂ ಫೋಟೋ ತೆಗೆಸ್ಕೊಳ್ಳಲ್ಲ ನೋಡಿ...

ಹಾಗಾದ್ರೆ ಐದು ಕಿಲೋವ್ಯಾಟ್ ಯಾಕೆ? "ನಾಳೆ ಬೇಕಾಗುತ್ತೆ" ಅಂತಾರೆ. ನಾಳೆ ಬೇಕಾದ್ರೆ ನಾಳೆ ಎರಡು ಕಿಲೋವ್ಯಾಟ್ ಸೇರಿಸಬಹುದು. ಅದಕ್ಕೆ ಮಾಳಿಗೆ ಮೇಲೆ ಜಾಗ ಬಿಟ್ಟು, ಇನ್ವರ್ಟರ್ ಸ್ವಲ್ಪ ದೊಡ್ಡದು ತಗೊಂಡ್ರಾಯ್ತು. ಕಿಲೋವ್ಯಾಟಿಗೆ ನೂರು ಚದರಡಿ ಇದ್ರೆ ಸಾಕು, ದಕ್ಷಿಣಕ್ಕೆ ಮುಖ ಮಾಡಿ ಹದಿಮೂರು-ಹದಿನಾಲ್ಕು ಡಿಗ್ರಿ ಓರೆ. ನಮ್ಮ ಶಾಲೆಗೆ ಮಾಳಿಗೆ ಏನೂ ಓಡಿಹೋಗಲ್ಲ.

ಎರಡನೇ ಜಗಳ ಇನ್ನೂ ಮುಖ್ಯವಾದದ್ದು. ನಮ್ಮಲ್ಲಿ ಒಂದಿಬ್ಬರು "ಬ್ಯಾಟರಿಯೇ ಬೇಡ, ಆನ್‌ಗ್ರಿಡ್ ಹಾಕಿಸೋಣ, ಅದೇ ಅಗ್ಗ" ಅಂತಿದಾರೆ. ಆನ್‌ಗ್ರಿಡ್ ಅಂದ್ರೆ ಪ್ಯಾನೆಲ್ ಕರೆಂಟು ನೇರವಾಗಿ ಬೆಸ್ಕಾಂ ಲೈನಿನ ಜೊತೆ ಸೇರ್ಕೊಳ್ಳೋದು. ಕಿಲೋವ್ಯಾಟಿಗೆ ಐವತ್ತು ಅರವತ್ತು ಸಾವಿರದಲ್ಲಿ ಆಗುತ್ತೆ. ಆದರೆ ತುಂಬಾ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ: ಬೆಸ್ಕಾಂ ಕರೆಂಟು ಹೋದ ತಕ್ಷಣ ಈ ಪ್ಲಾಂಟೂ ನಿಂತುಹೋಗುತ್ತೆ! ಮಟಮಟ ಮಧ್ಯಾಹ್ನ, ತಲೆ ಸುಡೋ ಬಿಸಿಲು, ಮಾಳಿಗೆ ತುಂಬಾ ಪ್ಯಾನೆಲ್, ಆದರೂ ಫ್ಯಾನು ತಿರುಗಲ್ಲ. ಇದು ಕೆಟ್ಟಿರೋದಲ್ಲ, ಬೇಕಂತಲೇ ಹಾಗೆ ಮಾಡಿರೋದು. ಲೈನ್ ಆಫ್ ಆಗಿದೆ ಅಂತ ನಂಬಿ ಕಂಬ ಹತ್ತಿರೋ ಲೈನ್‌ಮನ್‌ಗೆ ನಮ್ಮ ಮಾಳಿಗೆ ಕರೆಂಟು ಹಿಂದಿನಿಂದ ಹೊಡೀಬಾರದು ಅಂತ. ನ್ಯಾಯವೇ. ಆದರೆ ನಾವು ಪ್ಲಾಂಟ್ ಹಾಕಿಸ್ತಿರೋದೇ ಕರೆಂಟು ಹೋದಾಗ ಕ್ಲಾಸು ನಡೀಲಿ ಅಂತ ಅಲ್ವಾ? ಪೇಟೆಯ ದೊಡ್ಡ ಖಾಸಗಿ ಶಾಲೆಗೆ, ಬಿಲ್ಲು ಉಳಿಸೋಕೆ, ಆನ್‌ಗ್ರಿಡ್ ಸರಿ. ನಮ್ಮ ಹಳ್ಳಿ ಶಾಲೆಗೆ ಬೇಕಿರೋದು ಹೈಬ್ರಿಡ್ ಇನ್ವರ್ಟರ್ ಮತ್ತು ಒಂದು ಚಿಕ್ಕ ಬ್ಯಾಟರಿ ಸೆಟ್ಟು.

ಬ್ಯಾಟರಿ ಅಂದ ಕೂಡಲೇ ಕಥೆಯ ಖಳನಾಯಕ ಬಂದ ಹಾಗೆ.

ನಮ್ಮ ಪಕ್ಕದ ಹೋಬಳಿಯ ಒಂದು ಶಾಲೆಗೆ ಹೋಗಿದ್ದೆ, ಹೆಸರು ಬೇಡ. ಮಾಳಿಗೆ ಮೇಲೆ ಪ್ಯಾನೆಲ್ ಇವೆ, ಮೇಲೆ ಕೆಂಪು ಧೂಳು. ಗೋಡೆಯ ಮೇಲೆ ಕೊಟ್ಟವರ ಹೆಸರು ಇದೆ. ಕೆಳಗೆ ಸ್ಟೋರ್ ರೂಮಲ್ಲಿ ನಾಲ್ಕು ಬ್ಯಾಟರಿ, ತುದಿಯಲ್ಲಿ ಬಿಳೀ ಹಸಿರು ಹೂವು ಬಿಟ್ಟಿದೆ, ಮೇಲೆ ಹಳೇ ಉತ್ತರಪತ್ರಿಕೆ ಕಟ್ಟು. "ಯಾವಾಗಿಂದ ಕೆಟ್ಟಿದೆ ಸಾರ್?" ಅಂದೆ. "ನಾನು ಬರೋ ಮುಂಚೆಯಿಂದ" ಅಂದ್ರು ಮೇಷ್ಟ್ರು. ಹಿಂದಿನವರು ವರ್ಗ ಆಗಿ ಹೋಗಿದ್ದಾರೆ, ಕೊಟ್ಟವರ ಫೋನ್ ನಂಬರ್ ಯಾರ ಹತ್ರಾನೂ ಇಲ್ಲ, ಹಾಕಿದವರ ಬಿಲ್ಲು ಯಾವ ಫೈಲಲ್ಲಿದೆಯೋ. ಪ್ಯಾನೆಲ್ ಚೆನ್ನಾಗೇ ಇವೆ. ಅವು 25 ವರ್ಷ ಬಾಳೋ ಸಾಮಾನು. ಸತ್ತಿರೋದು ಬ್ಯಾಟರಿ ಮಾತ್ರ, ಮತ್ತು ಅದನ್ನ ಬದಲಿಸೋಕೆ ಬೇಕಿದ್ದ ದುಡ್ಡಿಗೆ ಲೆಕ್ಕದಲ್ಲಿ ಒಂದು ಕಾಲಂ ಇರಲಿಲ್ಲ.

ಇದರಲ್ಲಿ ಆಶ್ಚರ್ಯ ಏನಿಲ್ಲ. ಆಸಿಡ್ ಬ್ಯಾಟರಿಗೆ ಎರಡು ಮೂರು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಗಾಳಿ ಆಡದ ಬಿಸಿ ಕೋಣೆಯಲ್ಲಿಟ್ರೆ ಬೇಗ ಸಾಯುತ್ತೆ. ಚೆನ್ನಾಗಿ ನೋಡ್ಕೊಂಡ್ರೂ ನಾಲ್ಕೈದು ವರ್ಷ. 150 ಆಂಪಿಯರ್ ಅವರಿನ ನಾಲ್ಕು ಬ್ಯಾಟರಿ ಬದಲಿಸೋಕೆ ಇವತ್ತಿಗೆ ಸುಮಾರು ಅರವತ್ತು ಸಾವಿರ. ಐದು ವರ್ಷಕ್ಕೆ ಅರವತ್ತು ಸಾವಿರ ಅಂದ್ರೆ ತಿಂಗಳಿಗೆ ಸಾವಿರ ರೂಪಾಯಿ. ತಿಂಗಳಿಗೆ ಸಾವಿರ ಯಾವ ಊರಿಗೂ ದೊಡ್ಡದಲ್ಲ. ಆದರೆ ಒಂದೇ ಸಲ ಅರವತ್ತು ಸಾವಿರ ಅಂದ್ರೆ ಯಾವ ಸರ್ಕಾರಿ ಹೈಸ್ಕೂಲಿನ ಹೆಡ್‌ಮಾಸ್ಟ್ರೂ ಕೈ ಚೆಲ್ಲುತ್ತಾರೆ. ಎರಡೂ ಒಂದೇ ಮೊತ್ತ, ಯೋಚನೆ ಮಾಡಿದ ಸಮಯ ಬೇರೆ ಅಷ್ಟೇ.

ಅದಕ್ಕೇ ನನ್ನ ಹಟ. ನಾಲ್ಕು ಲಕ್ಷದಲ್ಲಿ ಮೂರು ಕಿಲೋವ್ಯಾಟ್ ಪ್ಲಾಂಟ್, ಬ್ಯಾಟರಿ, ಹನ್ನೆರಡು ಬಿಎಲ್‌ಡಿಸಿ ಫ್ಯಾನ್ ಸೇರಿ ಮೂರು ಲಕ್ಷದ ಒಳಗೆ ಮುಗಿಸೋಣ. ಉಳಿದ ಲಕ್ಷದ ಮೇಲಿನದನ್ನ ಶಾಲೆ ಹೆಸರಲ್ಲಿ ಫಿಕ್ಸೆಡ್ ಡಿಪಾಸಿಟ್ ಇಡೋಣ. ಬಡ್ಡಿ ಸೇರಿ ಐದು ವರ್ಷದಲ್ಲಿ ಒಂದು ಸಲ, ಹತ್ತು ವರ್ಷದಲ್ಲಿ ಇನ್ನೊಂದು ಸಲ ಬ್ಯಾಟರಿ ಬದಲಿಸೋಕೆ ಅದು ಸಾಕು. ಐದು ಕಿಲೋವ್ಯಾಟ್ ಐದು ವರ್ಷ ಓಡೋದು ಒಳ್ಳೇದೋ, ಮೂರು ಕಿಲೋವ್ಯಾಟ್ ಹದಿನೈದು ವರ್ಷ ಓಡೋದು ಒಳ್ಳೇದೋ ನೀವೇ ಹೇಳಿ.

ಇದೇನು ನಾನು ಹೊಸದಾಗಿ ಕಂಡುಹಿಡಿದ ಸತ್ಯ ಅಲ್ಲ. ನಮ್ಮ ಜಿಲ್ಲೆಯೇ ಇದರಲ್ಲಿ ಹಳೇ ವಿದ್ಯಾರ್ಥಿ. ಇದೇ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡದವರು ಸೌದೆಯಿಂದ ಅನಿಲ ಮಾಡಿ ಎಂಜಿನ್ ಓಡಿಸೋ ಪುಟ್ಟ ವಿದ್ಯುತ್ ಘಟಕ ಶುರು ಮಾಡಿದ್ರು. ಅಸ್ತ್ರ ಅಂದ್ರೆ ಪ್ರೊಫೆಸರ್ ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಹಳ್ಳಿಗಳಿಗೆ ಒಗ್ಗೋ ತಂತ್ರಜ್ಞಾನಕ್ಕೆ ಅಂತಲೇ ಕಟ್ಟಿದ ವಿಭಾಗ. ಐದು ಕಿಲೋವ್ಯಾಟಿನಷ್ಟು ಸಣ್ಣದಾಗಿ ಶುರುವಾದದ್ದು, ಆಮೇಲೆ ಇಪ್ಪತ್ತಕ್ಕೆ ಏರಿತು. ದೀಪ, ಕುಡಿಯೋ ನೀರು, ಹಿಟ್ಟಿನ ಮಿಲ್ಲು ಎಲ್ಲ ಅದರಲ್ಲೇ. ಹತ್ತು ವರ್ಷಕ್ಕೂ ಮೀರಿ ಓಡಿತು. ಯಾಕೆ ಓಡಿತು? ಮಿಷನ್ನು ಅದ್ಭುತವಾಗಿತ್ತು ಅಂತಲ್ಲ. ಊರಿನ ಹುಡುಗರಿಗೇ ಅದನ್ನ ಓಡಿಸೋದು ಕಲಿಸಿದ್ರು, ಊರವರ ಹತ್ರ ತಿಂಗಳ ದುಡ್ಡು ವಸೂಲಿ ಮಾಡೋ ವ್ಯವಸ್ಥೆ ಮಾಡಿದ್ರು. ಮಿಷನ್ನಿನ ಜೊತೆ ಮನುಷ್ಯರನ್ನೂ ತಯಾರು ಮಾಡಿದ್ರು.

ಇನ್ನೊಂದು ಉದಾಹರಣೆ ಸೆಲ್ಕೋದವರದ್ದು. ಹರೀಶ್ ಹಂದೆಯವರು 1995ರಲ್ಲಿ ಶುರು ಮಾಡಿದ ಕಂಪನಿ. ಅವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಾಗ ನಾವೆಲ್ಲಾ ಖುಷಿಪಟ್ಟಿದ್ವಿ. ಅವರು ಶಾಲೆಗಳಲ್ಲಿ ಮಾಡಿದ ಒಂದು ಕೆಲಸ ನನಗೆ ಬಹಳ ಇಷ್ಟ. ಪ್ಯಾನೆಲ್ಲನ್ನ ಶಾಲೆ ಮಾಡಿನ ಮೇಲೆ ಹಾಕೋದು. ಮಕ್ಕಳಿಗೆ ಓದೋಕೆ ಒಂದು ಪುಟ್ಟ ದೀಪ, ಅದಕ್ಕೊಂದು ಪುಟ್ಟ ಬ್ಯಾಟರಿ. ಆ ಬ್ಯಾಟರಿ ಚಾರ್ಜ್ ಆಗೋದು ಶಾಲೆಯಲ್ಲಿ ಮಾತ್ರ. ರಾತ್ರಿ ದೀಪ ಬೇಕು ಅಂದ್ರೆ ಬೆಳಿಗ್ಗೆ ಊಟದ ಡಬ್ಬಿ ಥರ ಬ್ಯಾಟರಿ ಹಿಡ್ಕೊಂಡು ಶಾಲೆಗೆ ಬರಲೇಬೇಕು! ಈಗ ಮನೆಮನೆಗೂ ಕರೆಂಟಿದೆ, ಆ ದೀಪದ ಅಗತ್ಯ ಕಡಿಮೆ ಆಗಿರಬಹುದು. ಆದರೆ ಅದರ ಹಿಂದಿನ ಯೋಚನೆ ನೋಡಿ: ಪ್ಲಾಂಟ್ ದಿನಾ ಯಾರಿಗೋ ಬೇಕಾಗಬೇಕು. ದಿನಾ ಬೇಕಾಗಿದ್ದು ಕೆಟ್ಟರೆ ಆ ದಿನವೇ ಗೊತ್ತಾಗುತ್ತೆ, ಯಾರೋ ಗಲಾಟೆ ಮಾಡ್ತಾರೆ. ಯಾರಿಗೂ ಬೇಡವಾದದ್ದು ಕೆಟ್ಟರೆ ಅದರ ಮೇಲೆ ಉತ್ತರಪತ್ರಿಕೆ ಕಟ್ಟು ಬಂದು ಕೂರುತ್ತೆ.

ಈಗ ನನ್ನ ವಿರುದ್ಧದ ವಾದಗಳು. ಒಂದು, "ಸರ್ಕಾರಿ ಶಾಲೆಗೆ ಕರೆಂಟು ಫ್ರೀ ಅಲ್ವಾ?" ಹೌದು. 2023ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ಸರ್ಕಾರಿ ಶಾಲಾ ಕಾಲೇಜುಗಳಿಗೆ ಉಚಿತ ಕರೆಂಟು, ನೀರು ಅಂತ ಮುಖ್ಯಮಂತ್ರಿಗಳು ಘೋಷಿಸಿದ್ರು. ಒಳ್ಳೇ ಕೆಲಸ. ಬಿಲ್ಲು ಕಟ್ಟೋಕೆ ಹೆಡ್‌ಮಾಸ್ಟ್ರು ಪರದಾಡಬಾರದು. ಆದರೆ ಫ್ರೀ ಕೊಟ್ಟ ಕರೆಂಟು ಹೋದಾಗ ಫ್ರೀಯಾಗೇ ಹೋಗುತ್ತೆ. ನಮಗೆ ಬೇಕಿರೋದು ಬಿಲ್ಲಿನ ಉಳಿತಾಯ ಅಲ್ಲ, ಹನ್ನೊಂದೂವರೆಗೆ ಶುರುವಾದ ಕಂಪ್ಯೂಟರ್ ಪೀರಿಯಡ್ ಹನ್ನೆರಡೂ ಕಾಲಿಗೆ ಮುಗಿಯೋ ತನಕ ನಡೆಯೋದು. ನಿಜ ಹೇಳಬೇಕಂದ್ರೆ, ಬಿಲ್ಲು ಉಳಿಯುತ್ತೆ ಅನ್ನೋ ಆಸೆಯಿಂದ ಯಾರಾದ್ರೂ ಸರ್ಕಾರಿ ಶಾಲೆಗೆ ಸೋಲಾರ್ ಹಾಕಿಸ್ತಿದ್ರೆ ಈಗ ಆ ಲೆಕ್ಕ ಕೂರಲ್ಲ.

ಎರಡು, "ಕೇಂದ್ರದ ಸಬ್ಸಿಡಿ ಬರುತ್ತಲ್ಲ, ಚಂದಾ ಯಾಕೆ?" 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇರೋದು ಮನೆಗಳಿಗೆ. ಶಾಲೆ ಮನೆ ಅಲ್ಲ ಅಂತ ಸರ್ಕಾರದ ಲೆಕ್ಕ. ನಮಗೇ ಅದು ಎರಡನೇ ಮನೆ ಆಗಿತ್ತು, ಇರಲಿ.

ಮೂರನೇದು ಎಲ್ಲಕ್ಕಿಂತ ಗಟ್ಟಿ ವಾದ. ನಮ್ಮ ಜೊತೆ ಓದಿದ ಒಬ್ಬಳು, ಈಗ ಸಿರಾ ಕಡೆ ಟೀಚರ್ ಆಗಿದ್ದಾಳೆ, ಹೇಳಿದ್ಲು: "ನೋಡಪ್ಪಾ, ನೀವೆಲ್ಲಾ ಬೆಂಗಳೂರಿಂದ ಪ್ಯಾನೆಲ್ ಕಳಿಸ್ತೀರಾ. ಹೆಣ್ಣುಮಕ್ಕಳ ಟಾಯ್ಲೆಟ್ಟಿಗೆ ನೀರಿಲ್ಲ ಅಂದ್ರೆ ಯಾರೂ ಚಂದಾ ಕೊಡಲ್ಲ." ಇದಕ್ಕೆ ನನ್ನ ಹತ್ರ ಎದುರು ಮಾತಿಲ್ಲ. ಟಾಯ್ಲೆಟ್ ಇಲ್ಲದ ಶಾಲೆಯಲ್ಲಿ ಮೊದಲು ಟಾಯ್ಲೆಟ್ಟೇ ಆಗಬೇಕು, ಸೋಲಾರ್ ಆಮೇಲೆ. ನಮ್ಮ ಶಾಲೆಯಲ್ಲಿ ಟಾಯ್ಲೆಟ್ ಇದೆ, ನೀರಿನ ಮೋಟ್ರು ಕರೆಂಟಿದ್ದಾಗ ಮಾತ್ರ ಓಡುತ್ತೆ. ಮೋಟ್ರನ್ನ ಪ್ಲಾಂಟಿಗೆ ಹಾಕೋದು ಬೇಡ, ಶುರುವಾಗೋವಾಗ ಅದು ಎಳೆಯೋ ಕರೆಂಟು ಮೂರು ಕಿಲೋವ್ಯಾಟ್ ಇನ್ವರ್ಟರಿಗೆ ಭಾರ. ಅದರ ಬದಲು ಮಾಳಿಗೆ ಮೇಲೆ ಇನ್ನೊಂದು ಸಾವಿರ ಲೀಟರ್ ಸಿಂಟೆಕ್ಸ್ ಇಟ್ಟು, ಕರೆಂಟಿದ್ದಾಗ ತುಂಬಿಸಿಕೊಂಡ್ರೆ ಆಯ್ತು. ಆ ಸಿಂಟೆಕ್ಸಿನ ದುಡ್ಡೂ ನಮ್ಮ ನಾಲ್ಕು ಲಕ್ಷದಲ್ಲೇ ಬರಲಿ ಅಂತ ನಾನು ಹೇಳಿದೀನಿ. ಅವಳು ಒಪ್ಪಿದ್ಲು. ಈಗ ನನ್ನ ಕಡೆ ಇಬ್ಬರು ಆದ್ವಿ.

ಹಾಗಾದ್ರೆ ನಾನು ಕೇಳ್ತಿರೋದು ಏನು? ಇಷ್ಟು:

1. ಪ್ಲಾಂಟಿಗಿಂತ ಮೊದಲು ಪಾಸ್‌ಬುಕ್. ಬ್ಯಾಟರಿ ದುಡ್ಡು ಡಿಪಾಸಿಟ್ ಆಗದೆ ಒಂದು ಪ್ಯಾನೆಲ್ಲೂ ಮೇಲೆ ಹತ್ತಬಾರದು. ಖಾತೆ ಶಾಲೆಯದು, ಸಹಿ ಹೆಡ್‌ಮಾಸ್ಟ್ರು ಮತ್ತು ಎಸ್‌ಡಿಎಂಸಿ ಇಬ್ಬರದೂ.

2. ಊರಲ್ಲೇ ಇರೋ ಒಬ್ಬ ಎಲೆಕ್ಟ್ರಿಷಿಯನ್ ಹುಡುಗನಿಗೆ ಹಾಕೋ ದಿನವೇ ಎಲ್ಲಾ ಕಲಿಸಬೇಕು. ಮೇಷ್ಟ್ರು ವರ್ಗ ಆಗ್ತಾರೆ, ಆ ಹುಡುಗ ಆಗಲ್ಲ. ಅವನಿಗೆ ವರ್ಷಕ್ಕಿಷ್ಟು ಅಂತ ಕೊಡಬೇಕು, ಧರ್ಮಕ್ಕೆ ಮಾಡಿಸ್ಕೋಬಾರದು.

3. ಬ್ಯಾಟರಿಗೆ ಗಾಳಿ ಆಡೋ ಜಾಗ, ಮಕ್ಕಳ ಕೈಗೆ ಸಿಗದ ಹಾಗೆ ಜಾಲರಿ ಬಾಗಿಲು.

4. ಪ್ಯಾನೆಲ್ ಧೂಳು ಹದಿನೈದು ದಿನಕ್ಕೊಮ್ಮೆ ತೊಳೀಬೇಕು. ನಮ್ಮ ಕೆಂಪು ಧೂಳಿಗೆ ಸುಮ್ನೆ ಬಿಟ್ರೆ ಕರೆಂಟು ಇಳಿಯೋದು ಕಣ್ಣಿಗೇ ಕಾಣುತ್ತೆ. ಎರಡು ಬಕೆಟ್ ನೀರು, ಒಂದು ಮೆತ್ತನೆ ಬಟ್ಟೆ ಸಾಕು. ಬೆಳಿಗ್ಗೆ ತಂಪಿನಲ್ಲಿ ತೊಳೀಬೇಕು, ಕಾದ ಗಾಜಿಗೆ ತಣ್ಣೀರು ಸುರೀಬಾರದು. ಮಕ್ಕಳನ್ನ ಮಾಳಿಗೆ ಹತ್ತಿಸಬಾರದು, ಇದು ಖಡಾಖಂಡಿತ.

5. ಗೋಡೆಯ ಕಲ್ಲಿನ ಮೇಲೆ ಕೊಟ್ಟವರ ಹೆಸರಿನ ಜೊತೆ ಮುಂದಿನ ಬ್ಯಾಟರಿ ಯಾವ ವರ್ಷ ಬದಲಿಸಬೇಕು ಅಂತಲೂ ಕೆತ್ತಿಸಬೇಕು. ತಮಾಷೆಗೆ ಹೇಳ್ತಿಲ್ಲ.

ಐದಕ್ಕೂ ಮೇಲೆ ಇನ್ನೊಂದು ಆಸೆ ಇದೆ. ಮೀಟರ್ ಬರೆಯೋದು ಮಕ್ಕಳ ಕೆಲಸ ಆಗಲಿ. ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ವಿದ್ಯುತ್ ಪಾಠ ಇದೆ, ಕಿಲೋವ್ಯಾಟ್ ಅವರ್ ಅಂದ್ರೇನು ಅಂತ ಬಾಯಿಪಾಠ ಮಾಡ್ತಾರೆ. ಕೆಳಗಿನ ಇನ್ವರ್ಟರ್ ಪರದೆಯಲ್ಲಿ ಇವತ್ತು ಎಷ್ಟು ಯೂನಿಟ್ ಬಂತು ಅಂತ ದಿನಾ ಸಂಜೆ ನಾಲ್ಕಕ್ಕೆ ಇಬ್ಬರು ಬರೆದಿಡಲಿ. ಜುಲೈ ಮೋಡದಲ್ಲಿ ಎಷ್ಟು, ಫೆಬ್ರವರಿಯಲ್ಲಿ ಎಷ್ಟು, ತೊಳೆಯೋ ಮುಂಚೆ ಎಷ್ಟು, ತೊಳೆದ ಮೇಲೆ ಎಷ್ಟು. ಏಪ್ರಿಲ್ ಉರಿಬಿಸಿಲಲ್ಲಿ ಮೋಡವೇ ಇಲ್ಲದಿದ್ರೂ ಅಂದ್ಕೊಂಡಷ್ಟು ಯಾಕೆ ಬರಲ್ಲ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಪ್ಯಾನೆಲ್ ಕಾದಷ್ಟೂ ಅದರ ಕಸುವು ಇಳಿಯುತ್ತೆ, ಅದಕ್ಕೆ ಬೇಕಿರೋದು ಬೆಳಕು, ಸೆಕೆ ಅಲ್ಲ ಅಂತ ಮೇಷ್ಟ್ರು ಹೇಳಬಹುದು. ಪಾವಗಡದ ಮಕ್ಕಳಿಗೆ ಇದು ಬರೀ ಪಾಠ ಅಲ್ಲ, ಅಲ್ಲಿನ ಪಾರ್ಕಿನಲ್ಲಿ ಸಿಗಬಹುದಾದ ಕೆಲಸ. ಈಗ ಆ ಹುಡುಗರಿಗೆ ಹೆಚ್ಚಾಗಿ ಸಿಗೋದು ಹುಲ್ಲು ಕೀಳೋದು, ಪ್ಯಾನೆಲ್ ತೊಳೆಯೋದು, ಕಾವಲು ಕಾಯೋದು. ಒಳಗಿನ ಕಂಟ್ರೋಲ್ ರೂಮಲ್ಲಿ ಕೂರೋ ದಾರಿ ಶಾಲೆಯ ಮಾಳಿಗೆಯಿಂದಲೇ ಶುರುವಾಗಬಹುದಲ್ವಾ?

ಕೊನೆಗೆ ಸರ್ಕಾರಕ್ಕೂ ಒಂದು ಮಾತು. ಶಾಲೆ ನಡೆಯೋದು ವರ್ಷಕ್ಕೆ 240 ದಿನದ ಆಸುಪಾಸು. ಬಿಸಿಲು ಚೆನ್ನಾಗಿರೋ ಏಪ್ರಿಲ್-ಮೇ ತಿಂಗಳಲ್ಲೇ ರಜ. ಉಳಿದ 125 ದಿನ, ದಿನಕ್ಕೆ 12 ಯೂನಿಟ್ ಅಂದ್ರೆ 1,500 ಯೂನಿಟ್, ಒಂದು ಪುಟ್ಟ ಶಾಲೆಯಿಂದ. ಅದು ಸುಮ್ನೆ ಪೋಲಾಗೋ ಬದಲು ಗ್ರಿಡ್ಡಿಗೆ ಹೋಗಲಿ, ಅದರ ದುಡ್ಡು ಶಾಲೆಯ ಎಸ್‌ಡಿಎಂಸಿ ಖಾತೆಗೇ ಬೀಳಲಿ. ದೊಡ್ಡ ಮೊತ್ತ ಏನಲ್ಲ, ಆದರೆ ಬ್ಯಾಟರಿ ಡಿಪಾಸಿಟ್ಟಿಗೆ ಪ್ರತಿ ವರ್ಷ ಸ್ವಲ್ಪ ಸೇರುತ್ತೆ. ಪಾವಗಡದ ರೈತನ ಜಮೀನಿನ ಬಿಸಿಲಿಗೆ ಬಾಡಿಗೆ ಕೊಡಬಹುದು ಅಂದ್ರೆ, ಶಾಲೆ ಮಾಳಿಗೆ ಬಿಸಿಲಿಗೆ ಯಾಕೆ ಕೊಡಬಾರದು? ಇನ್ನೊಂದು: ಮಧುಗಿರಿಯ ಉಪನಿರ್ದೇಶಕರ ಕಚೇರಿಯಲ್ಲಿ ಒಂದು ರಿಜಿಸ್ಟರ್ ಇಟ್ಟು, ನಾಲ್ಕು ತಾಲ್ಲೂಕಿನ ಯಾವ ಯಾವ ಶಾಲೆಗೆ ಯಾರು ಯಾವಾಗ ಸೋಲಾರ್ ಕೊಟ್ರು, ಈಗ ಓಡ್ತಿದೆಯಾ ಇಲ್ವಾ ಅಂತ ವರ್ಷಕ್ಕೊಮ್ಮೆ ಬರೆಸಿದ್ರೆ ಸಾಕು. ಸತ್ತು ಬಿದ್ದಿರೋ ಹಳೇ ಪ್ಲಾಂಟುಗಳನ್ನ ಬರೀ ಬ್ಯಾಟರಿ ಬದಲಿಸಿ ಎಬ್ಬಿಸೋದು, ಹೊಸದು ಹಾಕೋದಕ್ಕಿಂತ ಎಷ್ಟೋ ಅಗ್ಗ. ನಮ್ಮಂಥ ಚಂದಾದಾರರಿಗೂ ಎಲ್ಲಿ ದುಡ್ಡು ಹಾಕಬೇಕು ಅಂತ ಗೊತ್ತಾಗುತ್ತೆ.

ಬರೋ ಭಾನುವಾರ ನಮ್ಮ ಗುಂಪು ಊರಲ್ಲಿ ಸೇರ್ತಿದೆ. ಮೂರೋ ಐದೋ ಅಂತ ಅಲ್ಲೇ ತೀರ್ಮಾನ. ನನ್ನ ಕಡೆ ಸದ್ಯಕ್ಕೆ ಎರಡೂವರೆ ಓಟು, ಒಬ್ಬ ಇನ್ನೂ ಅಲುಗಾಡ್ತಿದ್ದಾನೆ. ನಿಮ್ಮೂರ ಶಾಲೆಯಲ್ಲಿ ಹತ್ತು ವರ್ಷ ದಾಟಿ ಓಡ್ತಿರೋ ಸೋಲಾರ್ ಇದ್ರೆ, ಅದರ ಬ್ಯಾಟರಿ ಯಾರು ಬದಲಿಸಿದ್ರು, ದುಡ್ಡು ಎಲ್ಲಿಂದ ಬಂತು ಅಂತ ದಯವಿಟ್ಟು ತಿಳಿಸಿ. ಭಾನುವಾರದೊಳಗೆ ತಿಳಿಸಿದ್ರೆ ಇನ್ನೂ ಉಪಕಾರ.